ಹಿಮದ ನಡುವೆ ಕುದಿಯುವ ಊರುಗಳು

ಟೋಕಿಯೊದ ಉದ್ಯಾನಗಳಲ್ಲಿ ಸಕುರಾ ಅರಳಿ, ಉದುರಿ, ಜನ ಸ್ವೆಟರ್ ಮಡಚಿಟ್ಟು ಓಡಾಡುವ ಹೊತ್ತಿಗೆ, ಅಲ್ಲಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದ ಶಿಬು ಘಾಟಿಯಲ್ಲಿ ಹಿಮ ಕಡಿಯುವ ಯಂತ್ರಗಳು ಇನ್ನೂ ಗುಡುಗುಡು ಎನ್ನುತ್ತಿರುತ್ತವೆ. ಗುನ್ಮಾ ಮತ್ತು ನಾಗಾನೊ ಪ್ರಾಂತಗಳ ಗಡಿಯಲ್ಲಿ ಹಾಯುವ 292ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ 2,172 ಮೀಟರ್ ಎತ್ತರಕ್ಕೆ ಏರುತ್ತದೆ. ಜಪಾನಿನ ಯಾವ ರಾಷ್ಟ್ರೀಯ ಹೆದ್ದಾರಿಯೂ ಇದಕ್ಕಿಂತ ಮೇಲೆ ಹೋಗುವುದಿಲ್ಲ. ನವೆಂಬರ್ ಮಧ್ಯದಲ್ಲಿ ಗೇಟು ಬಿದ್ದರೆ ಮತ್ತೆ ತೆರೆಯುವುದು ಏಪ್ರಿಲ್ ಕೊನೆಗೆ. ತೆರೆದ ದಿನ ಮೊದಲ ವಾಹನಗಳು ಎರಡೂ ಬದಿಯ ಬಿಳಿ ಗೋಡೆಗಳ ನಡುವೆ ಸಾಗುತ್ತವೆ. ಹಿಮ ಚೆನ್ನಾಗಿ ಬಿದ್ದ ವರ್ಷ ಆ ಗೋಡೆ ಬಸ್ಸಿನ ನೆತ್ತಿಯನ್ನೂ ಮೀರುತ್ತದೆ.

ಈ ರಸ್ತೆಯ ಪೂರ್ವದ ತುದಿಯಲ್ಲಿ ಕುಸಾತ್ಸು. ಪಶ್ಚಿಮಕ್ಕೆ ಇಳಿದರೆ ಶಿಬು, ಯುದನಾಕಾ, ಜಿಗೊಕುದಾನಿ. ಅಲ್ಲಿಂದ ಇನ್ನಷ್ಟು ಉತ್ತರಕ್ಕೆ ನೊಜಾವಾ. ಎಲ್ಲವೂ ಬಿಸಿನೀರಿನ ಬುಗ್ಗೆಯ ಸುತ್ತ ಬೆಳೆದ ಊರುಗಳು. ಜಪಾನೀಯರು ‘ಒನ್ಸೆನ್’ ಎನ್ನುವುದು ಇಂಥವನ್ನೇ. ತಲೆಯ ಮೇಲೆ ಹಿಮ ಹೊತ್ತು, ಕಣ್ಣು ಮುಚ್ಚಿ, ಹಬೆಯ ನಡುವೆ ಕುಳಿತ ಕೋತಿಯ ಫೋಟೊ ನೋಡದವರು ಕಡಿಮೆ. ಅದು ನಡುಚಳಿಗಾಲದ ಚಿತ್ರ. ಈ ಸೀಮೆಯನ್ನು ನೋಡುವುದಕ್ಕಷ್ಟೇ ಅಲ್ಲ, ಅರ್ಥ ಮಾಡಿಕೊಳ್ಳುವುದಕ್ಕೂ ಹೋಗುವವರಿಗೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರಗಳವರೆಗಿನ ಕಾಲವೇ ವಾಸಿ. ಹಿಮ ಇನ್ನೂ ಇರುತ್ತದೆ, ಕೊನೆಕೊನೆಗೆ ಘಾಟಿಯ ದಾರಿಯೂ ತೆರೆಯುತ್ತದೆ, ಊರವರಿಗೆ ಸ್ವಲ್ಪ ಪುರಸೊತ್ತೂ ಇರುತ್ತದೆ.

ಇಷ್ಟು ಹಿಮ ಎಲ್ಲಿಂದ? ಅಕ್ಷಾಂಶ ನೋಡಿದರೆ ನಾಗಾನೊ ಯುರೋಪಿನ ದಕ್ಷಿಣದ ತುದಿಗೆ ಸಮ. ಹಿಮದ ನಾಡಾಗಬೇಕಾದ ಜಾಗವಲ್ಲ. ಉತ್ತರ ಗಾಳಿಯಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಡುವ ಒಣ ಶೀತಗಾಳಿ ಜಪಾನ್ ಸಮುದ್ರವನ್ನು ದಾಟುತ್ತದೆ. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹವಿದೆ. ಗಾಳಿ ಅದರ ಮೇಲಿನ ತೇವವನ್ನು ಹೀರಿಕೊಂಡು ಬಂದು ಹೊನ್‌ಶು ದ್ವೀಪದ ಬೆಟ್ಟಸಾಲಿಗೆ ಬಡಿಯುತ್ತದೆ, ಮೇಲೇರುತ್ತದೆ, ತಣಿಯುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುವ ಲೆಕ್ಕವೇ ಇದು. ಮಳೆಯ ಬದಲು ಹಿಮ, ಅಷ್ಟೆ. ನೊಜಾವಾಕ್ಕೆ ಹತ್ತಿರದ ಸಕಾಯೆ ಎಂಬ ಹಳ್ಳಿಯ ರೈಲು ನಿಲ್ದಾಣದಲ್ಲಿ 1945ರ ಫೆಬ್ರುವರಿಯಲ್ಲಿ ಹಿಮದ ಆಳ 7.85 ಮೀಟರ್ ಮುಟ್ಟಿತ್ತು. ಜಪಾನಿನ ಯಾವ ರೈಲು ನಿಲ್ದಾಣವೂ ಈ ದಾಖಲೆಯನ್ನು ಮುರಿದಿಲ್ಲ. ನಿಲ್ದಾಣದ ಅಂಗಳದಲ್ಲಿ ಅಷ್ಟೇ ಎತ್ತರದ ಕಂಬವೊಂದು ನಿಂತಿದೆ.

ಈ ಹಿಮವೇ ಮುಂದೆ ಬಿಸಿನೀರಾಗುವುದು. ವಸಂತದಲ್ಲಿ ಕರಗಿದ ಹಿಮದ ಒಂದು ಪಾಲು ಹೊಳೆಗೆ ಹೋದರೆ ಇನ್ನೊಂದು ಪಾಲು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ಜ್ವಾಲಾಮುಖಿಯ ಕಾವು. ಕುಸಾತ್ಸುವಿನ ಬೆನ್ನಿಗಿರುವ ಶಿರಾನೆ ಬೆಟ್ಟ ಇಂದಿಗೂ ಜೀವಂತ ಜ್ವಾಲಾಮುಖಿ. ನೀರು ಅಲ್ಲಿ ಕಾದು, ಮೇಲೇಳುವ ಅನಿಲಗಳನ್ನೂ ಬಂಡೆಯ ಖನಿಜಗಳನ್ನೂ ಕರಗಿಸಿಕೊಂಡು, ವರ್ಷಗಟ್ಟಲೆ ತಡವಾಗಿ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಹಿಮ ಕಡಿಮೆಯಾದರೆ ಈ ಊರುಗಳಲ್ಲಿ ತಲೆಕೆಡಿಸಿಕೊಳ್ಳುವವರು ಸ್ಕೀ ಮೈದಾನದವರು ಮಾತ್ರವಲ್ಲ.

ಯಾವುದನ್ನು ಒನ್ಸೆನ್ ಎನ್ನಬೇಕು ಎಂಬುದಕ್ಕೆ ಜಪಾನಿನಲ್ಲಿ 1948ರ ಕಾಯ್ದೆಯೇ ಇದೆ. ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿ ಇರಬೇಕು; ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. 25 ಡಿಗ್ರಿ ಎಂದರೆ ರಾಯಚೂರಿನ ಸಾಮಾನ್ಯ ಬೋರ್‌ವೆಲ್ ನೀರೂ ಪರೀಕ್ಷೆ ಪಾಸಾದೀತು! ಕಾನೂನು ಇಷ್ಟು ಸಡಿಲವಾಗಿರುವುದರಿಂದಲೇ ದೇಶದಲ್ಲಿ ಅಂಥ ಸುಮಾರು 27,000 ಮೂಲಗಳು ಲೆಕ್ಕಕ್ಕೆ ಸಿಗುತ್ತವೆ. ಪೇಟೆಯ ಎಷ್ಟೋ ಸ್ನಾನಗೃಹಗಳಲ್ಲಿ ನೆಲದಾಳದಿಂದ ಪಂಪಿನಲ್ಲಿ ಎತ್ತಿ, ಬಾಯ್ಲರಿನಲ್ಲಿ ಕಾಯಿಸಿ, ಶೋಧಿಸಿ ಮತ್ತೆ ಮತ್ತೆ ಬಳಸುವ ನೀರಿಗೂ ಇದೇ ಹೆಸರು. ಶಿರಾನೆ ಬೆಟ್ಟದ ಆಚೀಚೆಯ ಊರುಗಳ ಕಥೆ ಬೇರೆ. ಇಲ್ಲಿನವರ ತಲೆನೋವು ನೀರನ್ನು ಕಾಯಿಸುವುದಲ್ಲ, ಆರಿಸುವುದು.

ಕುಸಾತ್ಸು ಇರುವುದು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಬಸ್ಸಿನಿಂದ ಇಳಿದವರಿಗೆ ಊರು ಕಾಣುವ ಮೊದಲೇ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಇಳಿಜಾರಿನ ಓಣಿಗಳೆಲ್ಲ ಹೋಗಿ ಸೇರುವುದು ಊರ ನಡುವಿನ ‘ಯುಬಾತಾಕೆ’ಗೆ. ಬೇರೆ ಊರಾಗಿದ್ದರೆ ಆ ಜಾಗದಲ್ಲಿ ಒಂದು ಪ್ರತಿಮೆಯೋ ಗಡಿಯಾರದ ಗೋಪುರವೋ ಇರುತ್ತಿತ್ತು. ಇಲ್ಲಿ ನಿಮಿಷಕ್ಕೆ ಸುಮಾರು 4,000 ಲೀಟರ್ ಬಿಸಿನೀರು ನೆಲದಿಂದ ಉಕ್ಕುತ್ತದೆ. ಉಕ್ಕಿದ ನೀರನ್ನು ಉದ್ದುದ್ದ ಮರದ ದೋಣಿಗಳಲ್ಲಿ ಹರಿಸುತ್ತಾರೆ. ಏಳು ದೋಣಿಗಳು, ಸಾಲಾಗಿ. ಅವುಗಳಲ್ಲಿ ಹರಿಯುತ್ತ ನೀರು ಕೈಮೈ ತಾಳುವಷ್ಟು ತಣಿಯುತ್ತದೆ, ತಳದಲ್ಲಿ ಹಳದಿ-ಬಿಳಿ ಗಷ್ಟು ಕಟ್ಟುತ್ತದೆ. ಆ ಗಷ್ಟನ್ನು ಆಗಾಗ ಕೆರೆದು ತೆಗೆದು, ಒಣಗಿಸಿ, ಮನೆಯ ಸ್ನಾನದ ನೀರಿಗೆ ಹಾಕಿಕೊಳ್ಳುವ ಪುಡಿಯಾಗಿ ಮಾರುತ್ತಾರೆ. ಕೊನೆಯಲ್ಲಿ ನೀರು ಹಸಿರು ಛಾಯೆಯ ಕೊಳಕ್ಕೆ ಧುಮುಕುತ್ತದೆ. ಏಪ್ರಿಲ್‌ನ ಮುಂಜಾವದಲ್ಲಿ ಸುತ್ತಲ ಮಾಡುಗಳ ಮೇಲೆ ರಾತ್ರಿ ಬಿದ್ದ ಹಿಮ ಇನ್ನೂ ಉಳಿದಿರುವಾಗ, ಕೊಳದಿಂದ ಏಳುವ ಹಬೆಯಲ್ಲಿ ಎದುರು ಬದಿಯ ಅಂಗಡಿಯ ಫಲಕ ಓದಲೂ ಆಗುವುದಿಲ್ಲ.

ಯುಬಾತಾಕೆ ಒಂದು ಮೂಲ ಮಾತ್ರ. ಇಡೀ ಊರಿನ ಬುಗ್ಗೆಗಳಿಂದ ನಿಮಿಷಕ್ಕೆ 32,000 ಲೀಟರಿಗೂ ಹೆಚ್ಚು ನೀರು ಬರುತ್ತದೆ. ದಿನಕ್ಕೆ ನಾಲ್ಕೂವರೆ ಕೋಟಿ ಲೀಟರ್ ಮೀರುತ್ತದೆ. ಪಂಪಿಲ್ಲದೆ ತಾನಾಗಿ ಉಕ್ಕುವ ನೀರಿನ ಲೆಕ್ಕದಲ್ಲಿ ಜಪಾನಿನಲ್ಲಿ ಕುಸಾತ್ಸುವೇ ಮೊದಲು. ಬಂದೈಕೊ ಎಂಬ ಮೂಲದ ನೀರಂತೂ ಸುಮಾರು 95 ಡಿಗ್ರಿ. ಅದನ್ನು ನೇರವಾಗಿ ಮೈಗೆ ಹಾಕಿಕೊಳ್ಳುವಂತಿಲ್ಲ. ಅದರ ಕಾವನ್ನು ತಣ್ಣೀರಿಗೆ ದಾಟಿಸಿ ಮನೆಗಳಿಗೆ ಬಿಸಿನೀರು ಕೊಡುತ್ತಾರೆ, ರಸ್ತೆಯಡಿ ಹರಿಸಿ ಹಿಮ ಕರಗಿಸುತ್ತಾರೆ.

ನೀರಿನ ಗುಣ ಇನ್ನೂ ಖಾರ. ಅದರ ಪಿಎಚ್ ಸುಮಾರು 2.1. ಏಳು ಎಂದರೆ ತಟಸ್ಥ; ಎರಡು ಎಂದರೆ ಗಟ್ಟಿ ಆಮ್ಲ. ಕಬ್ಬಿಣದ ಮೊಳೆಯನ್ನು ಹರಿಯುವ ಈ ನೀರಿನಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ಸವೆದು ಸೂಜಿಯಾಗುತ್ತದೆ. ಕಣ್ಣಿಗೆ ತಾಗಿದರೆ ಉರಿ, ಮೈಮೇಲೆ ಗಾಯವಿದ್ದರೆ ಇನ್ನೂ ಉರಿ. ಬೆಳ್ಳಿಯ ಉಂಗುರ, ಕಾಲುಂಗುರ, ಸರ ಹಾಕಿಕೊಂಡು ಇಳಿದವರು ಕಪ್ಪಾದ ಒಡವೆಯೊಂದಿಗೆ ಮೇಲೇಳುತ್ತಾರೆ.

ಬಿಸಿ ಜಾಸ್ತಿಯಾದರೆ ತಣ್ಣೀರು ಬೆರೆಸಿದರಾಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಕುಸಾತ್ಸುವಿನವರು ಅದನ್ನು ಒಪ್ಪಲಿಲ್ಲ. ಬೆರೆಸಿದರೆ ನೀರಿನ ಸತ್ವ ತೆಳುವಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ಆರಡಿಯಷ್ಟು ಉದ್ದದ ಹಲಗೆ ಹಿಡಿದು ತೊಟ್ಟಿಯ ಸುತ್ತ ನಿಂತು, ಹಾಡು ಹೇಳುತ್ತ, ತಾಳಕ್ಕೆ ಸರಿಯಾಗಿ ನೀರನ್ನು ಮಗುಚುತ್ತಿದ್ದರು. ಇದಕ್ಕೆ ಯುಮೊಮಿ ಎಂದು ಹೆಸರು. ಈಗ ಯುಬಾತಾಕೆಯ ಪಕ್ಕದ ನೆತ್ಸುನೊಯು ಎಂಬ ಕಟ್ಟಡದಲ್ಲಿ ಇದನ್ನು ಪ್ರವಾಸಿಗರಿಗೆ ಪ್ರದರ್ಶನವಾಗಿ ತೋರಿಸುತ್ತಾರೆ, ಅವರ ಕೈಗೂ ಹಲಗೆ ಕೊಡುತ್ತಾರೆ. ನೋಡಲು ತಮಾಷೆ, ಎರಡು ನಿಮಿಷ ಮಗುಚಿದರೆ ಭುಜ ಹಿಡಿದುಕೊಳ್ಳುತ್ತದೆ. ಹಿಂದೆ ಇದು ಔಷಧಸ್ನಾನದ ಪೂರ್ವತಯಾರಿಯಾಗಿತ್ತು. ‘ಯುಚೊ’ ಎಂಬ ಮೇಸ್ತ್ರಿಯ ಅಪ್ಪಣೆಯಂತೆ ಎಲ್ಲರೂ ಒಟ್ಟಿಗೆ ಸುಮಾರು 48 ಡಿಗ್ರಿ ನೀರಿಗೆ ಇಳಿಯಬೇಕು, ಮೂರು ನಿಮಿಷ ಅಲುಗಾಡದೆ ಕೂರಬೇಕು, ಅವನು ಕೂಗಿದಾಗ ಒಟ್ಟಿಗೆ ಏಳಬೇಕು. ಅಷ್ಟು ಬಿಸಿಯಲ್ಲಿ ಪಕ್ಕದವನು ಅಲುಗಾಡಿದರೂ ಮೈ ಸುಡುತ್ತದೆ.

ಈ ನೀರನ್ನು ಹೊರಜಗತ್ತಿಗೆ ಪರಿಚಯಿಸಿದವನು ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್. 1876ರಲ್ಲಿ ಟೋಕಿಯೊದಲ್ಲಿ ವೈದ್ಯಶಾಸ್ತ್ರ ಕಲಿಸಲು ಬಂದ ಆತ ಕುಸಾತ್ಸುವಿನ ನೀರು, ಬೆಟ್ಟದ ಗಾಳಿ ಎರಡನ್ನೂ ಹೊಗಳಿ ಬರೆದ. ಅವನು ಹುಟ್ಟಿದ ಬೀಟಿಗ್‌ಹೈಮ್ ಊರಿಗೂ ಕುಸಾತ್ಸುವಿಗೂ ಇಂದಿಗೂ ನಂಟಿದೆ.

ಕುಸಾತ್ಸುವಿನ ಇನ್ನೊಂದು ಚರಿತ್ರೆ ಯುಬಾತಾಕೆಯ ದೀಪಾಲಂಕಾರದ ಫೋಟೊಗಳಲ್ಲಿ ಸಿಗುವುದಿಲ್ಲ. ಚರ್ಮರೋಗಕ್ಕೆ ಈ ಆಮ್ಲನೀರು ಮದ್ದು ಎಂಬ ನಂಬಿಕೆಯಿಂದ ದೇಶದ ಮೂಲೆಮೂಲೆಯಿಂದ ಕುಷ್ಠರೋಗಿಗಳು ಇಲ್ಲಿಗೆ ಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅವರನ್ನು ಊರಿನಿಂದ ಬೇರ್ಪಡಿಸಿ ಯುನೊಸಾವಾ ಎಂಬ ಕೇರಿಗೆ ಕಳಿಸಿದರು. ಅಲ್ಲಿ ಅವರೇ ಅಂಗಡಿ, ಮನೆ, ವಸತಿಗೃಹ ಕಟ್ಟಿಕೊಂಡು ಬದುಕಿದರು. 1916ರಲ್ಲಿ ಕಾರ್ನ್‌ವಾಲ್ ಲೀ ಎಂಬ ಇಂಗ್ಲಿಷ್ ಮಿಷನರಿ ಮಹಿಳೆ ಬಂದು ಅವರ ನಡುವೆ ಸೇವೆಗೆ ನಿಂತಳು. 1932ರಲ್ಲಿ ಸರ್ಕಾರ ಊರಿನ ಹೊರಗೆ ಕುರ್ಯು ರಾಕುಸೆನ್‌ಎನ್ ಎಂಬ ಕುಷ್ಠಧಾಮ ತೆರೆಯಿತು; ಮುಂದೆ ಯುನೊಸಾವಾ ಕೇರಿಯೇ ಅಳಿಸಿಹೋಯಿತು.

ಆ ಧಾಮದ ಆವರಣದಲ್ಲಿ 1938ರಿಂದ 1947ರವರೆಗೆ ಒಂದು ಕಟ್ಟಡವಿತ್ತು. ಕಾಗದದಲ್ಲಿ ಅದು ‘ವಿಶೇಷ ರೋಗಿಗಳ ಕೊಠಡಿ’. ನಿಜದಲ್ಲಿ ಸೆರೆಮನೆ. ದೇಶದ ಬೇರೆ ಬೇರೆ ಕುಷ್ಠಧಾಮಗಳಲ್ಲಿ ಎದುರುತ್ತರ ಕೊಟ್ಟವರನ್ನು, ಓಡಿಹೋಗಲು ನೋಡಿದವರನ್ನು ವಿಚಾರಣೆಯಿಲ್ಲದೆ ತಂದು ಇಲ್ಲಿ ಕೂಡಿಹಾಕುತ್ತಿದ್ದರು. ಕಾಯಿಸಿಕೊಳ್ಳಲು ಬೆಂಕಿಯಿಲ್ಲ; ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಕ್ಕೆ ಇಳಿಯುವ ಜಾಗ. ಒಟ್ಟು 93 ಜನ ಅಲ್ಲಿದ್ದರು, 23 ಜನ ಸತ್ತರು. ಕೆಲವೇ ಕಿಲೋಮೀಟರ್ ಆಚೆ ಭೂಮಿ ದಿನಕ್ಕೆ ಕೋಟಿಗಟ್ಟಲೆ ಲೀಟರ್ ಬಿಸಿನೀರು ಉಕ್ಕಿಸುತ್ತಿತ್ತು. ರೋಗಿಗಳನ್ನು ಬೇರ್ಪಡಿಸುವ ಕಾನೂನು ರದ್ದಾದದ್ದು 1996ರಲ್ಲಿ. ಅದು ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದು ಕುಮಾಮೊತೊ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ. 2014ರಿಂದ ಆ ಸೆರೆಮನೆಯ ನೆನಪಿನ ಸಂಗ್ರಹಾಲಯ ಅಲ್ಲಿ ತೆರೆದಿದೆ. ಕುಸಾತ್ಸುವಿಗೆ ಹೋದವರು ಸ್ನಾನದ ನಡುವೆ ಒಂದು ಮಧ್ಯಾಹ್ನವನ್ನು ಇದಕ್ಕೆ ಎತ್ತಿಡಬೇಕು.

ಊರು ದಾಟಿದ ಮೇಲೂ ಆ ನೀರು ಸುಮ್ಮನಿರುವುದಿಲ್ಲ. ಕುಸಾತ್ಸುವಿನ ಬುಗ್ಗೆಗಳ ಆಮ್ಲ ಸೇರಿ ಕೆಳಗಿನ ಅಗಾತ್ಸುಮಾ ನದಿಯಲ್ಲಿ ಒಂದು ಕಾಲದಲ್ಲಿ ಮೀನಿರಲಿಲ್ಲ, ಸೇತುವೆಯ ಕಬ್ಬಿಣ, ಕಾಂಕ್ರೀಟು ತಾಳುತ್ತಿರಲಿಲ್ಲ, ಗದ್ದೆಗೆ ಹರಿಸುವಂತಿರಲಿಲ್ಲ. 1964ರಲ್ಲಿ ಕುಸಾತ್ಸುವಿನಲ್ಲೇ ಒಂದು ಸ್ಥಾವರ ಶುರುವಾಯಿತು. ಸುಣ್ಣಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೊಳೆಗೆ ಸುರಿಯುವುದೇ ಅದರ ಕೆಲಸ. ಹಗಲಿಲ್ಲ, ರಾತ್ರಿಯಿಲ್ಲ, ಹಬ್ಬದ ರಜೆಯಿಲ್ಲ. ದಿನವೂ ಹತ್ತಾರು ಟನ್. ಸ್ವಲ್ಪ ಕೆಳಗೆ ಶಿನಾಕಿ ಅಣೆಕಟ್ಟಿನಲ್ಲಿ ಕೆಸರು ತಂಗುತ್ತದೆ, ಮುಂದೆ ನದಿ ಬದುಕುತ್ತದೆ. ಪೇಟೆಯ ಸೇತುವೆಯ ಮೇಲೆ ನಿಂತರೆ ಪೈಪುಗಳಿಂದ ಹಾಲಿನಂಥ ಬಿಳಿ ದ್ರವ ಹೊಳೆಗೆ ಬೀಳುವುದನ್ನು ಯಾರೂ ನೋಡಬಹುದು.

ಮೇಲಿನ ಘಾಟಿರಸ್ತೆಯೂ ಮೈಮರೆಯುವ ಜಾಗವಲ್ಲ. ಕುಸಾತ್ಸು ಬಿಟ್ಟು ಸ್ವಲ್ಪ ಏರುತ್ತಲೇ ಬರುವ ಸೆಸ್ಶೊಗಾವರಾ ಎಂಬಲ್ಲಿ ವಾಹನ ನಿಲ್ಲಿಸಬಾರದು, ಇಳಿಯಬಾರದು ಎಂಬ ಫಲಕಗಳಿವೆ. ನೆಲದಿಂದ ಬರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ. ಅದು ತಗ್ಗಿನಲ್ಲಿ, ಅದರಲ್ಲೂ ಹಿಮ ಕರಗಿ ಆದ ಪೊಟರೆಗಳಲ್ಲಿ ಮಡುಗಟ್ಟಿ ನಿಲ್ಲುತ್ತದೆ. 2005ರ ಡಿಸೆಂಬರಿನಲ್ಲಿ ಉತ್ತರದ ಅಕಿತಾ ಪ್ರಾಂತದ ದೊರೊಯು ಎಂಬ ಬಿಸಿನೀರಿನ ಊರಿನಲ್ಲಿ ಒಂದೇ ಕುಟುಂಬದ ನಾಲ್ವರು ಹೀಗೆ ಹಿಮದ ಗುಂಡಿಯಲ್ಲಿ ಸತ್ತರು. 2018ರ ಜನವರಿ 23ರಂದು ಶಿರಾನೆ ಬೆಟ್ಟಸಾಲಿನ ಮೊತೊಶಿರಾನೆ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದಾಗ ಸ್ಕೀ ಮೈದಾನದ ಮೇಲೆ ಕಲ್ಲುಗಳು ಬಿದ್ದವು. ತರಬೇತಿಯಲ್ಲಿದ್ದ ಒಬ್ಬ ಸೈನಿಕ ಸತ್ತ. ಜ್ವಾಲಾಮುಖಿಯ ಎಚ್ಚರಿಕೆಯ ಮಟ್ಟ ಏರಿದರೆ ಏಪ್ರಿಲ್‌ನಲ್ಲೂ ರಸ್ತೆ ಮುಚ್ಚಿಯೇ ಇರುತ್ತದೆ. ಬೆಟ್ಟದ ನೆತ್ತಿಯ ಯುಗಾಮಾ ಎಂಬ ಹಸಿರುನೀಲಿ ಸರೋವರದ ಕಡೆಗಂತೂ ಪ್ರವೇಶಕ್ಕೆ ಬಹುಪಾಲು ನಿರ್ಬಂಧ.

ಆಚೆ ಇಳಿದರೆ ನಾಗಾನೊ ಪ್ರಾಂತ. ಕೋತಿಗಳ ಜಿಗೊಕುದಾನಿ ಇಲ್ಲಿದೆ. ಯೊಕೊಯು ಹೊಳೆಯ ಇಕ್ಕಟ್ಟಾದ ಕಣಿವೆ, 850 ಮೀಟರ್ ಎತ್ತರ. ಕಾನ್‌ಬಾಯಾಶಿಯಿಂದ ದೇವದಾರು ಜಾತಿಯ ಮರಗಳ ನಡುವೆ 1.6 ಕಿಲೋಮೀಟರ್ ನಡೆಯಬೇಕು. ಮಾರ್ಚಿನಲ್ಲಿ ಈ ದಾರಿ ಹಗಲು ಕೆಸರು, ಬೆಳಗ್ಗೆ ಗಾಜು. ಒಳ್ಳೆಯ ಬೂಟಿಲ್ಲದೆ ಬಂದವರು ಬಿದ್ದೇ ಕಲಿಯುತ್ತಾರೆ.

ಈ ಕೋತಿಗಳು ಅನಾದಿಯಿಂದ ಬಿಸಿನೀರಿನಲ್ಲಿ ಕೂತವಲ್ಲ. 1950ರ ದಶಕದಲ್ಲಿ ಮೇಲಿನ ಶಿಗಾ ಎತ್ತರದಲ್ಲಿ ಸ್ಕೀ ಮೈದಾನಗಳು ಎದ್ದು ಕಾಡು ಕಡಿಮೆಯಾದಾಗ ಅವು ಕೆಳಗಿಳಿದು ಸೇಬಿನ ತೋಟಗಳಿಗೆ ನುಗ್ಗಿದವು. ಬೆಳೆಗಾರರು ಗುಂಡಿಕ್ಕಲು ಹೊರಟರು. ಆಗ ಕಣಿವೆಯಲ್ಲಿ 1864ರಿಂದ ನಡೆದುಬಂದಿದ್ದ ಕೊರಾಕುಕಾನ್ ಎಂಬ ವಸತಿಗೃಹದ ಆಸುಪಾಸಿನಲ್ಲಿ ಕೆಲವರು ಅವಕ್ಕೆ ತಿನ್ನಲು ಕೊಟ್ಟು ತೋಟದಿಂದ ದೂರ ಸೆಳೆದರು. 1960ರ ದಶಕದ ಆರಂಭದಲ್ಲಿ ಒಂದು ಮರಿ ವಸತಿಗೃಹದ ಬಯಲು ಕೊಳಕ್ಕೆ ಇಳಿಯಿತು, ಉಳಿದವು ನೋಡಿ ಕಲಿತವು. ಅತಿಥಿಗಳ ಜೊತೆ ಕೋತಿಗಳೂ ಮೀಯತೊಡಗಿದರೆ ಗತಿಯೇನು? ಅವಕ್ಕೇ ಒಂದು ಕೊಳ ಕಟ್ಟಿಸಿದರು. 1964ರಲ್ಲಿ ಉದ್ಯಾನ ತೆರೆಯಿತು, 1970ರ ಜನವರಿಯಲ್ಲಿ ‘ಲೈಫ್’ ಪತ್ರಿಕೆಯ ಮುಖಪುಟಕ್ಕೆ ಹಿಮ ಹೊತ್ತ ಕೋತಿ ಬಂದಿತು, ಆಮೇಲಿನದು ಎಲ್ಲರಿಗೂ ಗೊತ್ತು.

ಸ್ನಾನದಿಂದ ಕೋತಿಗಳಿಗೆ ಆಗುವ ಲಾಭವೇನು ಎಂದು ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು 12 ಹೆಣ್ಣು ಕೋತಿಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದರು. ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆ ಎಂದು ಅಳೆದಾಗ, ಮಿಂದ ವಾರಗಳಲ್ಲಿ ಅದು ಕಡಿಮೆ ಇತ್ತು. ಕೊಳದಲ್ಲಿ ಹೆಚ್ಚು ಹೊತ್ತು ಕೂರಲು ಸಿಗುತ್ತಿದ್ದದ್ದು ಗುಂಪಿನ ದೊಡ್ಡ ಸ್ಥಾನದ ಹೆಣ್ಣುಗಳಿಗೆ. ವಸಂತದಲ್ಲಿ ಹೋಗುವವರು ಒಂದು ಮಾತು ನೆನಪಿಡಬೇಕು: ಬಿಸಿಲೇರಿದಂತೆ ಕೋತಿಗಳಿಗೆ ಕೊಳದ ಗರಜು ಇರುವುದಿಲ್ಲ, ಚಿಗುರು ತಿನ್ನಲು ಬೆಟ್ಟ ಹತ್ತಿಬಿಡುತ್ತವೆ. ಬದಲಿಗೆ ಏಪ್ರಿಲ್ ಕೊನೆಯಿಂದ ಮರಿಗಳು ಹುಟ್ಟತೊಡಗುತ್ತವೆ. ಅಮ್ಮನ ಹೊಟ್ಟೆಗೆ ಅಂಟಿಕೊಂಡ, ಮುಖವೆಲ್ಲ ಸುಕ್ಕುಗಟ್ಟಿದ ಎಳೆಯ ಮರಿಗಳು ಫೋಟೊಗೆ ಹಿಮದ ಟೋಪಿಗಿಂತ ಕಮ್ಮಿಯೇನಲ್ಲ.

ಪಕ್ಕದ ಶಿಬು ಪುಟ್ಟ ಊರು. ಕಲ್ಲುಹಾಸಿನ ಓಣಿ, ಒಂಬತ್ತು ಸಾರ್ವಜನಿಕ ಸ್ನಾನದ ಮನೆಗಳು. ಊರಿನಲ್ಲಿ ಉಳಿದವರಿಗೆ ವಸತಿಗೃಹದವರೇ ಕೀಲಿ ಕೊಡುತ್ತಾರೆ. ಮರದ ಚಪ್ಪಲಿ ಮೆಟ್ಟಿ, ಒಂದೊಂದಕ್ಕೂ ಹೋಗಿ ಮಿಂದು, ಬಟ್ಟೆಯ ಮೇಲೆ ಮುದ್ರೆ ಒತ್ತಿಸಿಕೊಳ್ಳುವುದು ವಾಡಿಕೆ. ಒಂಬತ್ತನ್ನೂ ಒಂದೇ ಸಂಜೆ ಮುಗಿಸುವ ಹಟ ಬೇಡ, ತಲೆ ಸುತ್ತುತ್ತದೆ.

ಇನ್ನು ನೊಜಾವಾ. ಸೌಕರ್ಯದಲ್ಲಿ ಕುಸಾತ್ಸು ಮುಂದಿರಬಹುದು, ಆದರೆ ಈ ಸೀಮೆಯಲ್ಲಿ ಒಂದೇ ಊರು ನೋಡಲು ಸಮಯವಿದ್ದರೆ ನೊಜಾವಾಕ್ಕೆ ಹೋಗುವುದು ಮೇಲು. ಕಾರಣ ಅಲ್ಲಿನ ಹದಿಮೂರು ಸ್ನಾನದ ಮನೆಗಳು. ಟಿಕೆಟ್ಟಿಲ್ಲ, ಕೌಂಟರಿಲ್ಲ, ಕಾವಲುಗಾರನಿಲ್ಲ. ಬಾಗಿಲ ಬಳಿ ಒಂದು ಕಾಣಿಕೆ ಡಬ್ಬಿ. ಒಳಗೆ ಮರದ ಗೋಡೆ, ಬಟ್ಟೆ ಇಡಲು ಗೂಡು, ಒಂದೋ ಎರಡೋ ತೊಟ್ಟಿ, ಇಷ್ಟೇ. ಇವುಗಳ ಒಡೆತನ ಸರ್ಕಾರದ್ದೂ ಅಲ್ಲ, ಹೋಟೆಲಿನವರದ್ದೂ ಅಲ್ಲ. ‘ಯುನಕಾಮಾ’ ಎಂಬ ಊರವರ ಕೂಟಗಳು ತಲೆಮಾರುಗಳಿಂದ ಇವನ್ನು ನೋಡಿಕೊಂಡು ಬಂದಿವೆ. ಮನೆಗಳು ಸರದಿಯ ಮೇಲೆ ತೊಟ್ಟಿ ಉಜ್ಜುತ್ತವೆ, ದೀಪದ ಖರ್ಚು ಹಂಚಿಕೊಳ್ಳುತ್ತವೆ. ಹೊರಗಿನವರು ಅವುಗಳಲ್ಲಿ ಮೀಯುವುದು ಊರವರ ಸೌಜನ್ಯದಿಂದ. ಸಂಜೆ ಐದರ ಹೊತ್ತಿಗೆ ಸೋಪಿನ ಡಬ್ಬಿ ಹಿಡಿದು ಬರುವ ಅಜ್ಜಂದಿರಿಗೆ ಅದು ಮನೆಯ ಬಚ್ಚಲು.

ಊರಿನ ಮೇಲ್ಭಾಗದ ಒಗಾಮಾ ಈ ವ್ಯವಸ್ಥೆಯ ಅಡುಗೆಮನೆ. ಸುಮಾರು 90 ಡಿಗ್ರಿಯ ನೀರು ಕಲ್ಲುತೊಟ್ಟಿಗಳಲ್ಲಿ ಕುದಿಯುತ್ತದೆ. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ; ಬೇಲಿಯ ಆಚೆಯಿಂದ ನೋಡಬೇಕು. ಊರವರು ಬುಟ್ಟಿ ತುಂಬ ಸೊಪ್ಪು ತಂದು ಬಲೆಯಲ್ಲಿಟ್ಟು ಇಳಿಬಿಡುತ್ತಾರೆ, ಮೊಟ್ಟೆ ಬೇಯಿಸುತ್ತಾರೆ, ಬುಟ್ಟಿ ಹೆಣೆಯುವ ಬಳ್ಳಿ ನೆನೆಸುತ್ತಾರೆ. ನವೆಂಬರಿನಲ್ಲಿ ಇಲ್ಲಿ ನೊಜಾವಾನಾ ಎಂಬ ಉದ್ದ ದಂಟಿನ ಸೊಪ್ಪನ್ನು ಬಿಸಿನೀರಿನಲ್ಲಿ ತೊಳೆದು, ಉಪ್ಪು ಹಾಕಿ, ಚಳಿಗಾಲಕ್ಕೆ ಉಪ್ಪಿನಕಾಯಿ ಹಾಕುತ್ತಾರೆ. ವಸಂತದಲ್ಲಿ ಸರದಿ ಕಾಡಿನ ಸೊಪ್ಪು, ಎಳೆ ಚಿಗುರುಗಳದ್ದು.

ಚಿಗುರಿನ ಮಾತು ಬಂದರೆ ಬೆಟ್ಟದ ಕಡೆ ನೋಡಬೇಕು. ಏಪ್ರಿಲ್‌ನಲ್ಲಿ ಬೀಚ್ ಮರಗಳ ಕಾಡಿನಲ್ಲಿ ಹಿಮ ಮೊದಲು ಕರಗುವುದು ಬುಡದ ಸುತ್ತ. ಕಾಂಡ ಬಿಸಿಲು ಹೀರಿ ಕಾವು ಬಿಡುತ್ತದೆ. ಪ್ರತಿ ಮರದ ಕಾಲಿಗೂ ದುಂಡನೆಯ ಒಂದು ಗುಳಿ. ಆ ಗುಳಿಯಲ್ಲಿ ಒದ್ದೆ ಎಲೆಗೊಬ್ಬರ, ಅದರಲ್ಲಿ ಮೊದಲ ಹಸಿರು. ಹೊಲದ ಅಂಚಿನಲ್ಲಿ ಫುಕಿ ಗಿಡದ ಮೊಗ್ಗುಗಳು ಹಿಮದಂಚನ್ನು ಒತ್ತರಿಸಿಕೊಂಡು ಏಳುತ್ತವೆ. ಬೆರಳ ಗಂಟಿನಷ್ಟು ದಪ್ಪ, ಎಲೆ ಸುತ್ತಿಕೊಂಡ ಮೊಗ್ಗು. ಹಿಟ್ಟಿನಲ್ಲಿ ಅದ್ದಿ ಕರಿದರೆ ಕಹಿ. ಆ ಕಹಿಗಾಗಿಯೇ ಇಲ್ಲಿನವರು ವರ್ಷವಿಡೀ ಕಾಯುತ್ತಾರೆ. ಜೌಗಿನಲ್ಲಿ ಮಿಜುಬಾಶೊ ಎಂಬ ಬಿಳಿ ಹೂವು ಏಳುತ್ತದೆ. ಮೇ ಮೊದಲ ವಾರದ ಹೊತ್ತಿಗೆ ಕೆಳಗಿನ ಈಯಾಮಾ ಬಯಲು ಹಳದಿ ಹೂವಿನ ಹೊಲಗಳಿಂದ ತುಂಬಿರುತ್ತದೆ, ಮೇಲಿನ ನೊಜಾವಾ ಇಳಿಜಾರಿನಲ್ಲಿ ಇನ್ನೂ ಸ್ಕೀ ನಡೆಯುತ್ತಿರುತ್ತದೆ.

ಹಂಚಿಕೊಂಡ ನೀರಿನ ಮೇಲೆ ಹೊರಗಿನ ಕಣ್ಣೂ ಇದೆ. ಭೂಶಾಖದ ಸಂಪತ್ತಿನಲ್ಲಿ ಜಪಾನ್ ಜಗತ್ತಿನಲ್ಲಿ ಮೂರನೆಯದು. ಅದರಿಂದ ತೆಗೆಯುವ ವಿದ್ಯುತ್ ಮಾತ್ರ ತೀರಾ ಅಲ್ಪ. ಒಳ್ಳೆಯ ಜಾಗಗಳೆಲ್ಲ ರಾಷ್ಟ್ರೀಯ ಉದ್ಯಾನಗಳ ಒಳಗಿವೆ ಎಂಬುದು ಒಂದು ಕಾರಣ. ಆಳದಲ್ಲಿ ಕೊಳವೆ ಇಳಿಸಿದರೆ ನಮ್ಮ ಬುಗ್ಗೆ ಬತ್ತೀತು ಎಂಬ ಬಿಸಿನೀರಿನ ಊರುಗಳ ಭಯ ಇನ್ನೊಂದು. ಪಕ್ಕದ ಹಳ್ಳಿಯವರ ಇಂಥ ಯೋಜನೆಯನ್ನು ಕುಸಾತ್ಸು ಬಲವಾಗಿ ವಿರೋಧಿಸಿತ್ತು. ಪರಿಸರದ ದೃಷ್ಟಿಯಿಂದ ಇದು ಅಷ್ಟು ಸರಳ ತಕರಾರಲ್ಲ: ಕಲ್ಲಿದ್ದಲು ಸುಡದ ವಿದ್ಯುತ್ ಒಂದು ಕಡೆ, ಶತಮಾನಗಳಿಂದ ಉಕ್ಕುವ ನೀರು ಇನ್ನೊಂದು ಕಡೆ. ಕೊಳವೆ ಇಳಿಸಿದ ಮೇಲೆ ಬುಗ್ಗೆ ಬತ್ತಿದರೆ ಮತ್ತೆ ತರಿಸುವ ಉಪಾಯ ಯಾರ ಬಳಿಯೂ ಇಲ್ಲವಾದ್ದರಿಂದ ಊರವರ ಅಂಜಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ.

ನಮ್ಮ ಕಡೆಯಿಂದ ಹೋಗುವವರಿಗೆ ಮೊದಲ ಅಡ್ಡಿ ಸಂಕೋಚ. ಒನ್ಸೆನ್‌ನಲ್ಲಿ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ, ಈಜುಡುಗೆಯೂ ಕೂಡದು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಬಾಗಿಲು. ಒಳಗೆ ಯಾರೂ ಯಾರನ್ನೂ ನೋಡುವುದಿಲ್ಲ. ಇಳಿಯುವ ಮೊದಲು ಪುಟ್ಟ ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆಯಬೇಕು. ತೊಟ್ಟಿ ಇರುವುದು ಕೊಳೆ ತೆಗೆಯಲು ಅಲ್ಲ, ಕೂರಲು. ಟವೆಲನ್ನು ನೀರಿಗೆ ಅದ್ದಬಾರದು, ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ಹಚ್ಚೆ ಇದ್ದವರನ್ನು ಕೆಲವು ಕಡೆ ಒಳಗೆ ಬಿಡುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. 42 ಡಿಗ್ರಿ ದಾಟಿದ ನೀರಿನಲ್ಲಿ ಐದು ನಿಮಿಷವೇ ಹೆಚ್ಚು. ಕುಡಿದು ಇಳಿಯುವುದಂತೂ ಅಪಾಯ.

ಸಸ್ಯಾಹಾರಿಗಳಿಗೆ ಎರಡನೆಯ ಅಡ್ಡಿ ಊಟ. ತರಕಾರಿ ಸಾರು ಎಂದರೂ ಅದರಲ್ಲಿ ಮೀನಿನ ಕಟ್ಟು ಇರುತ್ತದೆ, ಸೊಬಾ ಶ್ಯಾವಿಗೆಯ ಸಾರಿನಲ್ಲೂ ಅದೇ. ವಸತಿಗೃಹಕ್ಕೆ ಮುಂಚೆಯೇ ಬರೆದು ತಿಳಿಸಿದರೆ ಏರ್ಪಾಡು ಮಾಡುವವರಿದ್ದಾರೆ; ಹೋದ ಮೇಲೆ ಹೇಳಿದರೆ ಅನ್ನ, ಉಪ್ಪಿನಕಾಯಿಯಲ್ಲೇ ತೃಪ್ತಿಪಡಬೇಕು. ಕೆಂಪು ಕಾಳಿನ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ‘ಮಂಜೂ’ ಎಂಬ ತಿಂಡಿ ಎಲ್ಲ ಬೀದಿಯಲ್ಲೂ ಸಿಗುತ್ತದೆ.

ದಾರಿ ಕಷ್ಟವಲ್ಲ. ಟೋಕಿಯೊದಿಂದ ಈಯಾಮಾವರೆಗೆ 2015ರಿಂದ ಶಿನ್‌ಕಾನ್‌ಸೆನ್ ಓಡುತ್ತದೆ, ಅಲ್ಲಿಂದ ನೊಜಾವಾಕ್ಕೆ ಬಸ್ಸು ಅರ್ಧ ಗಂಟೆಯೂ ಇಲ್ಲ. ಕುಸಾತ್ಸುವಿಗೆ ಉಎನೊ ನಿಲ್ದಾಣದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆ, ಮೇಲೆ ಬಸ್ಸು. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿಗೆ ಜಪಾನೇ ರಜೆಯ ಮೇಲೆ ಹೊರಡುತ್ತದೆ. ಆ ವಾರ ಕೋಣೆಯೂ ಸಿಗುವುದಿಲ್ಲ, ನೆಮ್ಮದಿಯೂ ಸಿಗುವುದಿಲ್ಲ. ಘಾಟಿರಸ್ತೆ ತೆರೆದ ಕೂಡಲೇ, ರಜೆ ಶುರುವಾಗುವ ಮೊದಲಿನ ಕೆಲವು ದಿನಗಳು ಸಿಕ್ಕಿದರೆ ಉತ್ತಮ. ಇಲ್ಲದಿದ್ದರೆ ಮೇ 6ರ ನಂತರ. ಹೊರಡುವ ಹಿಂದಿನ ದಿನ ರಸ್ತೆಯ ಸ್ಥಿತಿ, ಶಿರಾನೆಯ ಎಚ್ಚರಿಕೆಯ ಮಟ್ಟ ಎರಡನ್ನೂ ನೋಡಿಕೊಳ್ಳಿ. ಜೇಬಿನಲ್ಲಿ ನೂರು ಯೆನ್ನಿನ ಒಂದಷ್ಟು ನಾಣ್ಯಗಳಿರಲಿ. ನೊಜಾವಾದ ಕಾಣಿಕೆ ಡಬ್ಬಿಗಳಿಗೆ ಚಿಲ್ಲರೆ ಕೊಡುವವರು ಯಾರೂ ಇರುವುದಿಲ್ಲ.